ವರ್ಷವಿಡೀ ಹೂವಿನ ಲೆಕ್ಕ: ಉದ್ಯಾನತಜ್ಞ ಜಿ.ಎಚ್. ಕ್ರುಂಬಿಗಲ್ (1865–1956) ಅವರ ಜೀವನ ಪರಿಚಯ

ಪೀಠಿಕೆ

ಬೆಂಗಳೂರಿನ ರಸ್ತೆಗಳಲ್ಲಿ ಫೆಬ್ರವರಿಯಿಂದ ಮೇ ತಿಂಗಳವರೆಗೆ ಸಂಚರಿಸುವವರಿಗೆ ಒಂದು ಸಂಗತಿ ಗೋಚರಿಸದೆ ಇರದು. ಒಂದು ಜಾತಿಯ ಮರದ ಹೂವು ಉದುರಿ ನೆಲ ಸೇರುವ ಹೊತ್ತಿಗೆ ಮತ್ತೊಂದು ಜಾತಿಯ ಮರ ಮೊಗ್ಗೊಡೆಯುತ್ತದೆ. ನೇರಳೆ ಬಣ್ಣ ಹೋಗಿ ಹಳದಿ ಬರುತ್ತದೆ, ಹಳದಿಯ ಬೆನ್ನಿಗೇ ಕೆಂಪು ಬರುತ್ತದೆ. ಇದು ಪ್ರಕೃತಿಯ ಕೊಡುಗೆಯೆಂದು ಅನೇಕರು ಭಾವಿಸಿರುವುದುಂಟು. ಹೂವು ಅರಳಿಸುವುದು ಪ್ರಕೃತಿಯೇ ಆದರೂ ಯಾವ ಮರದ ಪಕ್ಕದಲ್ಲಿ ಯಾವ ಮರವಿರಬೇಕು, ಯಾವ ತಿಂಗಳು ಬರಿದಾಗುತ್ತದೆ, ಅದನ್ನು ತುಂಬಲು ಯಾವ ದೇಶದ ಸಸ್ಯವನ್ನು ತರಬೇಕು ಎಂಬ ವಿಚಾರವನ್ನು ಮಾಡಿದವರು ಮನುಷ್ಯರು. ಅಂತಹವರಲ್ಲಿ ಅಗ್ರಗಣ್ಯರು, ಮೈಸೂರು ಸಂಸ್ಥಾನದ ತೋಟಗಾರಿಕೆಯನ್ನು 1908ರಿಂದ 1932ರವರೆಗೆ ಮುನ್ನಡೆಸಿದ ಜರ್ಮನ್ ಮೂಲದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರು.

ಶ್ರೀಯುತರ ಜೀವನವನ್ನು ಹಾಗೂ ಅವರು ಅನುಸರಿಸಿದ ಋತುಮಾನದ ಕ್ರಮವನ್ನು ನಾಗರಿಕರು ತಮ್ಮ ಮನೆಯಂಗಳದಲ್ಲಿ ಎಷ್ಟರಮಟ್ಟಿಗೆ ಅಳವಡಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ಸಾದರಪಡಿಸಲಾಗಿದೆ.

ಜನನ ಮತ್ತು ತರಬೇತಿ

ಕ್ರುಂಬಿಗಲ್ ಅವರು 1865ರ ಡಿಸೆಂಬರ್ 18ರಂದು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡೆನ್ ನಗರಕ್ಕೆ ಸಮೀಪವಿರುವ ಲೋಮೆನ್ ಎಂಬ ಊರಿನಲ್ಲಿ ಜನಿಸಿದರು. ಶಾಲಾ ವ್ಯಾಸಂಗದ ತರುವಾಯ ಪಿಲ್ನಿಟ್ಸ್ ಎಂಬಲ್ಲಿ ತೋಟಗಾರಿಕೆಯ ತರಬೇತಿ ಪಡೆದರು. ಎಲ್ಬೆ ನದಿಯ ದಂಡೆಯ ಮೇಲಿರುವ ಪಿಲ್ನಿಟ್ಸ್ ಸ್ಯಾಕ್ಸನಿಯ ಅರಸರ ಬೇಸಿಗೆಯ ಅರಮನೆಯಿದ್ದ ಸ್ಥಳ. ಅಲ್ಲಿನ ಉದ್ಯಾನದಲ್ಲಿ ಸುಮಾರು 1801ರಲ್ಲಿ ನೆಟ್ಟ ಒಂದು ಕಮೇಲಿಯಾ ಮರ ಇಂದಿಗೂ ಬದುಕಿದೆ. ಪೂರ್ವ ಏಷ್ಯಾ ಮೂಲದ ಈ ಮರ ಜರ್ಮನಿಯ ಹಿಮವನ್ನು ತಾಳಲಾರದು. ಆದುದರಿಂದ ಚಳಿಗಾಲ ಬಂದೊಡನೆ ಅದರ ಸುತ್ತ ಒಂದು ಮನೆಯನ್ನೇ ನಿಲ್ಲಿಸಿ, ಒಳಗೆ ಬೆಚ್ಚಗಿರಿಸಿ, ಚಳಿ ಕಳೆದ ಮೇಲೆ ಮನೆಯನ್ನು ತೆಗೆಯುವ ಪದ್ಧತಿ ಆ ಕಾಲದಿಂದಲೂ ನಡೆದು ಬಂದಿದೆ. ಪರದೇಶದ ಸಸ್ಯವೊಂದನ್ನು ತನ್ನದಲ್ಲದ ಹವೆಯಲ್ಲಿ ಬದುಕಿಸಲು ಎಷ್ಟು ಶ್ರಮ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ವಿದ್ಯಾರ್ಥಿಯೊಬ್ಬನಿಗೆ ದೊರೆಯುವುದು ಕಷ್ಟ.

1888ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳ ವಿನ್ಯಾಸದ ಕೆಲಸ ಮಾಡಿದರು. ಆ ಕಾಲದ ಇಂಗ್ಲೆಂಡಿನ ಸಾರ್ವಜನಿಕ ಉದ್ಯಾನಗಳಲ್ಲಿ ಪಾತಿಗಳನ್ನು ಋತುವಿಗೊಮ್ಮೆ ಬದಲಾಯಿಸುವ ರೂಢಿಯಿತ್ತು. ವಸಂತಕಾಲದಲ್ಲಿ ಗೆಡ್ಡೆಯ ಹೂಗಳು, ಅವು ಮುಗಿದೊಡನೆ ಅವುಗಳನ್ನು ಕಿತ್ತು ಗಾಜಿನ ಮನೆಯಲ್ಲಿ ಬೆಳೆಸಿ ಸಿದ್ಧವಾಗಿರಿಸಿದ ಬೇಸಿಗೆಯ ಸಸಿಗಳು. ಸಾರ್ವಜನಿಕರಿಗೆ ಕಾಣುವುದು ಪಾತಿಯಲ್ಲಿ ಅರಳಿದ ಹೂವು ಮಾತ್ರ. ಅದಕ್ಕೆ ಎರಡು ಮೂರು ತಿಂಗಳ ಮೊದಲೇ ಬಿತ್ತನೆ ನಡೆದಿರುತ್ತದೆ. ಹೂವು ಬೇಕಾದ ದಿನಾಂಕವನ್ನು ಮೊದಲು ನಿಗದಿಪಡಿಸಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಹೋಗುವ ಈ ಕ್ರಮವೇ ಉದ್ಯಾನಕಲೆಯ ಅರ್ಧ ವಿದ್ಯೆಯೆನ್ನಬಹುದು. ಅನಂತರ ಅವರು ಸಸ್ಯಶಾಸ್ತ್ರಕ್ಕೆ ವಿಶ್ವವಿಖ್ಯಾತವಾದ ಕ್ಯೂ ಉದ್ಯಾನದ ಸಿಬ್ಬಂದಿ ವರ್ಗಕ್ಕೆ ಸೇರಿದರು. ಬ್ರಿಟಿಷ್ ಸಾಮ್ರಾಜ್ಯದ ಮೂಲೆಮೂಲೆಗಳಿಂದ ಬಂದ ಬೀಜ ಹಾಗೂ ಸಸಿಗಳನ್ನು ಪರೀಕ್ಷಿಸಿ ಬೇರೆ ಬೇರೆ ದೇಶಗಳಿಗೆ ಕಳುಹಿಸುತ್ತಿದ್ದ ಕೇಂದ್ರವದು.

ಬರೋಡಾ ಸಂಸ್ಥಾನದಲ್ಲಿ

1893ರಲ್ಲಿ ಶ್ರೀಯುತರು ಮೂರನೆಯ ಸಯಾಜಿರಾವ್ ಗಾಯಕವಾಡ್ ಮಹಾರಾಜರ ಬರೋಡಾ ಸಂಸ್ಥಾನದ ಸೇವೆಗೆ ಬಂದು ಅಲ್ಲಿನ ಉದ್ಯಾನಗಳ ಹೊಣೆ ಹೊತ್ತರು. ಅಲ್ಲಿ ಕಳೆದ ಸುಮಾರು 15 ವರ್ಷಗಳ ವಿವರಗಳಿಗೆ ಇಲ್ಲಿ ಹೋಗುವುದಿಲ್ಲ. ಆದರೆ ಒಂದು ಮಾತನ್ನು ಹೇಳಲೇಬೇಕು. ಯೂರೋಪಿನಲ್ಲಿ ಕಲಿತ ಋತುಚಕ್ರ ಗುಜರಾತಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಚಳಿಗಾಲವೆಂದರೆ ತೋಟ ಮಲಗುವ ಕಾಲ, ಇಲ್ಲಿ ಅದೇ ಹೂವಿನ ಕಾಲ. ಅಲ್ಲಿ ಬೇಸಿಗೆಯೆಂದರೆ ತೋಟದ ವೈಭವ, ಇಲ್ಲಿ ಬೇಸಿಗೆಯೆಂದರೆ ಬಾವಿಯ ತಳ ಕಾಣುವ ಕಾಲ. ಕಲಿತದ್ದನ್ನು ಬದಿಗಿರಿಸಿ ಮಳೆ, ಚಳಿ, ಬೇಸಿಗೆಗಳ ಭಾರತೀಯ ಲೆಕ್ಕವನ್ನು ಹೊಸದಾಗಿ ಕಲಿಯುವುದು ಇಲ್ಲಿಗೆ ಬಂದ ಪ್ರತಿಯೊಬ್ಬ ಐರೋಪ್ಯ ತೋಟಗಾರನಿಗೂ ಅನಿವಾರ್ಯವಾಗಿತ್ತು. ಹಾಗೆ ಕಲಿಯದೆ ಇಂಗ್ಲೆಂಡಿನ ಹುಲ್ಲುಹಾಸನ್ನು ಇಲ್ಲಿಯೂ ಕಾಣಬೇಕೆಂದು ನೀರು ಸುರಿದವರೂ ಇದ್ದರು.

ಮೈಸೂರು ಸಂಸ್ಥಾನ ಮತ್ತು ಲಾಲ್‌ಬಾಗ್

ಹೈದರಾಲಿಯು 1760ರಲ್ಲಿ ಸುಮಾರು 40 ಎಕರೆ ವಿಸ್ತೀರ್ಣದಲ್ಲಿ ಆರಂಭಿಸಿ ಟಿಪ್ಪು ಸುಲ್ತಾನನು ಬೆಳೆಸಿದ ಲಾಲ್‌ಬಾಗ್ ಉದ್ಯಾನವು ಹತ್ತೊಂಬತ್ತನೆಯ ಶತಮಾನದಲ್ಲಿ ಹಲವು ಕೈಗಳನ್ನು ದಾಟಿ ಬಂದಿತ್ತು. 1874ರಿಂದ 1908ರವರೆಗೆ ಅದರ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ ಉದ್ಯಾನ ವಿಸ್ತಾರಗೊಂಡಿತು. 1889ರಲ್ಲಿ ಶಂಕುಸ್ಥಾಪನೆಗೊಂಡ ಗಾಜಿನ ಮನೆಯೂ ಅವರ ಅವಧಿಯದೇ. ಕ್ಯಾಮರಾನ್ ಅವರ ತರುವಾಯ 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯ ಕಾಲದಲ್ಲಿ ಕ್ರುಂಬಿಗಲ್ ಅವರು ಈ ಸ್ಥಾನಕ್ಕೆ ಬಂದರು. ಆಗ ಅವರಿಗೆ 42 ವರ್ಷ.

ಅವರು ಬಂದ ಸಮಯ ಬೆಂಗಳೂರಿನ ಮನೆಗಳ ಸ್ವರೂಪವೇ ಬದಲಾಗುತ್ತಿದ್ದ ಸಮಯ. ಹಳೆಯ ಪೇಟೆಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿದ್ದವು. ಬಯಲೆಂದರೆ ಮನೆಯೊಳಗಿನ ತೊಟ್ಟಿ ಹಾಗೂ ಹಿತ್ತಲು ಮಾತ್ರ. ತೊಟ್ಟಿಯ ನಡುವೆ ತುಳಸಿ, ಹಿತ್ತಲಿನಲ್ಲಿ ಬಾಳೆ, ಕರಿಬೇವು, ಬಚ್ಚಲ ನೀರು ಹರಿಯುವಲ್ಲಿ ಕೆಸುವು, ಇಷ್ಟರಲ್ಲಿ ಮನೆಯ ತೋಟ ಮುಗಿಯುತ್ತಿತ್ತು. 1898ರ ಪ್ಲೇಗಿನ ತರುವಾಯ ಜನರು ಬಸವನಗುಡಿ, ಮಲ್ಲೇಶ್ವರಂ ಮುಂತಾದ ಹೊಸ ಬಡಾವಣೆಗಳತ್ತ ಸರಿದರು. ಅಗಲವಾದ ರಸ್ತೆಗಳು, ಮನೆಯ ಸುತ್ತ ಬಿಟ್ಟ ಜಾಗ, ಅದರ ಅಂಚಿಗೆ ಕಾಂಪೌಂಡು ಗೋಡೆ. ದಂಡು ಪ್ರದೇಶದ ಬಂಗಲೆಗಳಿಗೆ ಮೊದಲೇ ಇದ್ದ ಈ ಸೌಲಭ್ಯ ಮಧ್ಯಮ ವರ್ಗದ ಕುಟುಂಬಗಳಿಗೆ ಆಗ ದೊರೆಯಿತು. ಜಾಗವೇನೋ ಸಿಕ್ಕಿತು, ಆದರೆ ಅದನ್ನು ಏನು ಮಾಡಬೇಕೆಂಬುದು ಪ್ರಶ್ನೆಯಾಗಿತ್ತು.

ಈ ಪ್ರಶ್ನೆಗೆ ಸಂಸ್ಥೆಯ ರೂಪದಲ್ಲಿ ಉತ್ತರ ದೊರೆತದ್ದು 1912ರಲ್ಲಿ ಸ್ಥಾಪನೆಗೊಂಡ ಮೈಸೂರು ಉದ್ಯಾನಕಲಾ ಸಂಘದ ಮೂಲಕ. ಇದರ ಸ್ಥಾಪನೆಯಲ್ಲಿ ಕ್ರುಂಬಿಗಲ್ ಅವರದು ಪ್ರಮುಖ ಪಾತ್ರ. ತೋಟಗಾರಿಕೆಯನ್ನು ಅರಮನೆಯ ಹಾಗೂ ಸರ್ಕಾರದ ಆವರಣದಿಂದ ಹೊರತಂದು ಸಾಮಾನ್ಯ ಗೃಹಸ್ಥರ ಆಸಕ್ತಿಯನ್ನಾಗಿ ಮಾಡಿದ ಕೀರ್ತಿ ಈ ಸಂಘಕ್ಕೆ ಸಲ್ಲುತ್ತದೆ. ಗಾಜಿನ ಮನೆಯಲ್ಲಿ ಪ್ರತಿ ವರ್ಷ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳಿಗೂ, ಅವುಗಳೊಂದಿಗೆ ಏರ್ಪಡಿಸಲಾಗುವ ಮನೆದೋಟ ಹಾಗೂ ತಾರಸಿತೋಟ ಸ್ಪರ್ಧೆಗಳಿಗೂ ಈ ಸಂಘದೊಂದಿಗೆ ನಂಟಿದೆ. ತಮ್ಮ ಮನೆಯ ಕುಂಡದಲ್ಲಿ ಬೆಳೆದ ಡೇರೆ ಹೂವಿಗೆ ಬಹುಮಾನ ಬರಲೆಂದು ತಿಂಗಳುಗಟ್ಟಲೆ ಕಾಯುವ ಗೃಹಿಣಿಯರು ಈ ನಗರದಲ್ಲಿ ಇಂದಿಗೂ ಇದ್ದಾರೆ.

ಸಾಲುಮರಗಳು: ಸರದಿಯ ಹೂವು

ಕ್ರುಂಬಿಗಲ್ ಅವರ ಹೆಸರಿನೊಂದಿಗೆ ಅಚ್ಚಳಿಯದೆ ಉಳಿದಿರುವುದು ಸರದಿಯಂತೆ ಹೂವರಳುವ ಸಾಲುಮರಗಳ ಯೋಜನೆ. ವಿವಿಧ ಋತುಗಳಲ್ಲಿ ಹೂ ಬಿಡುವ ಮರಗಳನ್ನು ರಸ್ತೆರಸ್ತೆಗೆ ಆಯ್ದು ನೆಟ್ಟು, ವರ್ಷದ ಯಾವ ತಿಂಗಳಿನಲ್ಲಿಯೂ ನಗರದ ಒಂದಲ್ಲ ಒಂದು ಭಾಗ ಹೂವಿನಿಂದ ತುಂಬಿರುವಂತೆ ಮಾಡುವುದು ಅದರ ಉದ್ದೇಶ.

ಈ ಯೋಜನೆ ಬೆಂಗಳೂರಿನಲ್ಲಿ ಸಾಧ್ಯವಾದುದಕ್ಕೆ ಕಾರಣವಿದೆ. ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹಿಮ ಬೀಳುವುದಿಲ್ಲ, ಬಯಲುಸೀಮೆಯ ಉಳಿದೆಡೆಗಳಷ್ಟು ಉರಿಬಿಸಿಲೂ ಇಲ್ಲ. ಮುಂಗಾರು ಮಳೆಯೊಂದಿಗೆ ಸೆಪ್ಟೆಂಬರ್ ಅಕ್ಟೋಬರ್ ತಿಂಗಳ ಜೋರು ಮಳೆಯೂ ಸೇರಿ ನೆಲದಲ್ಲಿ ತೇವ ನಿಲ್ಲುತ್ತದೆ. ದಕ್ಷಿಣ ಅಮೆರಿಕದ ಮರಕ್ಕೂ ಮಡಗಾಸ್ಕರಿನ ಮರಕ್ಕೂ ಪಶ್ಚಿಮಘಟ್ಟದ ಮರಕ್ಕೂ ಒಂದೇ ರಸ್ತೆಯಲ್ಲಿ ಬದುಕಲು ಅವಕಾಶವಿರುವ ಊರುಗಳು ಹೆಚ್ಚಿಲ್ಲ.

ಇಂದು ನಗರದಲ್ಲಿ ಕಾಣುವ ಹೂಮರಗಳ ಸರದಿಯನ್ನು ಹೀಗೆ ಗುರುತಿಸಬಹುದು. ಜನವರಿ ಫೆಬ್ರವರಿಯಲ್ಲಿ ಎಲೆಯುದುರಿಸಿದ ಹಾಲುವಾಣ ಹಾಗೂ ಮುತ್ತುಗ ಕೆಂಪಾಗುತ್ತವೆ. ಅದೇ ಸಮಯಕ್ಕೆ ಗುಲಾಬಿ ಬಣ್ಣದ ಟಬೆಬುಯಾ, ಅದರ ಹಿಂದೆಯೇ ಹಳದಿ ಟಬೆಬುಯಾ. ಮಾರ್ಚ್ ತಿಂಗಳಲ್ಲಿ ಜಕರಂಡದ ನೇರಳೆ. ಯುಗಾದಿಯ ಹೊತ್ತಿಗೆ ಹೊಂಗೆಯ ಎಳೆಯ ಚಿಗುರು, ಅದರ ಜೊತೆಗೇ ನೆಲದ ಮೇಲೆ ಅಕ್ಕಿ ಚೆಲ್ಲಿದಂತೆ ಉದುರುವ ಅದರ ಹೂವು. ಏಪ್ರಿಲ್ ಮೇ ತಿಂಗಳುಗಳಂತೂ ಶ್ರೀಮಂತ ತಿಂಗಳುಗಳು. ಗುಲ್‌ಮೊಹರ್, ಕಾಪರ್ ಪಾಡ್, ಮಳೆಮರ, ಕಕ್ಕೆ, ಹೊಳೆ ದಾಸವಾಳ ಎಲ್ಲವೂ ಒಮ್ಮೆಲೇ ಅರಳುತ್ತವೆ. ಸೆಪ್ಟೆಂಬರ್ ನಂತರ ಸ್ಪ್ಯಾಥೋಡಿಯಾ ಮರದ ಕಿತ್ತಳೆ ಕೆಂಪು. ಇದರ ಮೊಗ್ಗನ್ನು ಹಿಂಡಿ ಪರಸ್ಪರ ನೀರು ಚಿಮುಕಿಸಿಕೊಳ್ಳುವ ಮಕ್ಕಳು ಇದನ್ನು ನೀರುಕಾಯಿ ಮರವೆಂದೇ ಬಲ್ಲರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಸವನಪಾದ ಹಾಗೂ ಆಕಾಶಮಲ್ಲಿಗೆ. ಮುಂಜಾನೆ ರಸ್ತೆಯ ಮೇಲೆ ಬಿದ್ದ ಆಕಾಶಮಲ್ಲಿಗೆಯ ಉದ್ದ ತೊಟ್ಟಿನ ಬಿಳಿ ಹೂಗಳನ್ನು ದಾರವಿಲ್ಲದೆಯೇ ಜಡೆಯಂತೆ ಹೆಣೆಯುವ ಕೌಶಲ ಹಿಂದಿನ ತಲೆಮಾರಿನ ಹೆಣ್ಣುಮಕ್ಕಳಿಗೆಲ್ಲ ಇತ್ತು.

ಈ ಪಟ್ಟಿಯಲ್ಲಿ ಒಂದು ಕೊರತೆಯಿದೆ. ಜುಲೈ ಆಗಸ್ಟ್ ತಿಂಗಳುಗಳಲ್ಲಿ ದೊಡ್ಡ ಮರಗಳ ಹೂವು ವಿರಳ. ಮುಂದೆ ಮನೆಯಂಗಳದ ವಿಚಾರಕ್ಕೆ ಬಂದಾಗ ಈ ಕೊರತೆ ಪ್ರಸ್ತುತವಾಗುತ್ತದೆ.

ಮೇಲೆ ಹೇಳಿದ ಪ್ರತಿಯೊಂದು ಮರವನ್ನೂ ಕ್ರುಂಬಿಗಲ್ ಅವರೇ ತಂದು ನೆಟ್ಟರೆಂದು ಭಾವಿಸುವುದು ತಪ್ಪಾಗುತ್ತದೆ. ಹೊಂಗೆ, ಮುತ್ತುಗ, ಕಕ್ಕೆಗಳು ಈ ನೆಲದವು. ಕೆಲವು ವಿದೇಶಿ ಮರಗಳು ಅವರಿಗಿಂತ ಮುಂಚೆಯೇ ಬಂದವು. ಅವರ ನಿವೃತ್ತಿಯ ಅರ್ಧ ಶತಮಾನದ ಬಳಿಕ, 1980ರ ದಶಕದಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಇಂದು ನಾವು ಛಾಯಾಚಿತ್ರ ತೆಗೆಯುವ ಮರಗಳಲ್ಲಿ ಅನೇಕವು ಆ ಕಾಲದವು. ಎಲ್ಲ ಶ್ರೇಯಸ್ಸನ್ನೂ ಒಬ್ಬರ ಖಾತೆಗೆ ಜಮಾ ಮಾಡುವುದು ಲೆಕ್ಕಶಾಸ್ತ್ರದ ದೃಷ್ಟಿಯಿಂದಲೂ ಸರಿಯಲ್ಲ. ಕ್ರುಂಬಿಗಲ್ ಅವರಿಗೆ ನಿಶ್ಚಯವಾಗಿ ಸಲ್ಲಬೇಕಾದುದು ಆ ಕ್ರಮದ ಕಲ್ಪನೆ: ಮರವನ್ನು ಜಾತಿಯಿಂದ ಮಾತ್ರ ಆಯ್ಕೆ ಮಾಡದೆ ತಿಂಗಳಿನಿಂದ ಆಯ್ಕೆ ಮಾಡುವುದು.

ವಾಣಿಜ್ಯಶಾಸ್ತ್ರ ಓದಿ ಕಚೇರಿಯ ಕಡತಗಳ ನಡುವೆ ಕೆಲಸ ಮಾಡುವ ಈ ಲೇಖಕನಿಗೆ ಇದು ವಹಿಯ ಹಾಳೆಯಂತೆ ತೋರುತ್ತದೆ. ಎಡಕ್ಕೆ ಗಿಡದ ಹೆಸರು, ಬಲಕ್ಕೆ 12 ಅಂಕಣ. ಹೂವಿರುವ ತಿಂಗಳಿಗೆ ಗುರುತು ಹಾಕುತ್ತಾ ಹೋದರೆ ಯಾವ ಅಂಕಣ ಖಾಲಿಯಿದೆಯೆಂಬುದು ತಾನೇ ತಿಳಿಯುತ್ತದೆ. ಆ ಖಾಲಿ ಅಂಕಣಕ್ಕೆ ತಕ್ಕ ಗಿಡ ಹುಡುಕುವುದಷ್ಟೇ ಉಳಿದ ಕೆಲಸ.

ಮನೆಯಂಗಳಕ್ಕೆ ಇದೇ ಲೆಕ್ಕ

ಇಂದಿನ ನಗರವಾಸಿಗೆ ಬಸವನಗುಡಿಯ ಹಳೆಯ ನಿವೇಶನದಷ್ಟು ಜಾಗವಿಲ್ಲ. 30 ಅಡಿ ಅಗಲ 40 ಅಡಿ ಉದ್ದದ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಸುತ್ತ ಉಳಿಯುವುದು ಕೆಲವೇ ಅಡಿಗಳ ಪಟ್ಟಿ. ಧೂಳು, ಕೆಸರು, ಇರುವೆಗಳ ಭಯದಿಂದ ಹೆಚ್ಚಿನವರು ಅದನ್ನೂ ಸಿಮೆಂಟಿನಿಂದ ಮುಚ್ಚುತ್ತಾರೆ. ಈ ಲೇಖಕನೂ ಮನೆ ಕಟ್ಟಿದಾಗ ಹಾಗೆಯೇ ಮಾಡಿದ್ದುಂಟು. ಪರಿಣಾಮವಾಗಿ ಅಕ್ಟೋಬರ್ ಮಳೆಯ ನೀರು ಒಂದು ಹನಿಯೂ ಇಂಗದೆ ಗೇಟಿನ ಕೆಳಗಿನಿಂದ ಬೀದಿಗೆ ಹರಿದು ಹೋಗುತ್ತಿತ್ತು, ಏಪ್ರಿಲ್ ತಿಂಗಳಲ್ಲಿ ಕಾದ ನೆಲದ ಝಳ ರಾತ್ರಿ ಹತ್ತು ಗಂಟೆಯಾದರೂ ಕಿಟಕಿಯಿಂದ ಒಳಬರುತ್ತಿತ್ತು. ಮೂರು ವರ್ಷಗಳ ನಂತರ ಕೂಲಿಯವರನ್ನು ಕರೆಸಿ ಕಾಂಪೌಂಡಿನ ಅಂಚಿಗೆ ಎರಡು ಅಡಿ ಅಗಲದ ಸಿಮೆಂಟನ್ನು ಒಡೆಸಬೇಕಾಯಿತು. ಹಾಕಿದ ಖರ್ಚಿಗಿಂತ ತೆಗೆಸಿದ ಖರ್ಚೇ ಹೆಚ್ಚಾಯಿತೆಂಬುದನ್ನು ಹೊಸದಾಗಿ ಮನೆ ಕಟ್ಟುವವರು ಗಮನಿಸಬಹುದು.

ಎರಡು ಅಡಿ ಮಣ್ಣಿನಲ್ಲಿ ಗುಲ್‌ಮೊಹರ್ ನೆಡಲಾಗದು. ಅದರ ಬೇರು ಮೇಲ್ಮೈಯಲ್ಲೇ ಹರಡುತ್ತದೆ, ಕೊಂಬೆ ಗಾಳಿಗೆ ಮುರಿಯುತ್ತದೆ. ಮಳೆಮರವಂತೂ ಒಂದೇ ಇಡೀ ಬೀದಿಯನ್ನು ಆವರಿಸುವಂಥದು. ಉದ್ಯಾನವನಕ್ಕೆ ಸೇರಬೇಕಾದ ಮರವನ್ನು ಮನೆಯ ಗೋಡೆಗೆ ತಾಗಿಸಿ ನೆಟ್ಟು, ಹತ್ತು ವರ್ಷಗಳ ಬಳಿಕ ಕಡಿಯಲು ಅನುಮತಿ ಕೋರಿ ಅರ್ಜಿ ಸಲ್ಲಿಸುವುದಕ್ಕಿಂತ ಮೊದಲೇ ಯೋಚಿಸುವುದು ಲೇಸು. ಸ್ವಂತ ಜಾಗದ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಕಟ್ಟಳೆಗಳು ಅನ್ವಯಿಸುತ್ತವೆ.

ಚಿಕ್ಕ ಜಾಗಕ್ಕೆ ಒಗ್ಗುವ ಸರದಿ ಬೇರೆ. ಮಾರ್ಚ್‌ನಿಂದ ಜೂನ್‌ವರೆಗೆ ದುಂಡುಮಲ್ಲಿಗೆ ಹೂ ಕೊಡುತ್ತದೆ, ನವೆಂಬರ್ ಕೊನೆಯಲ್ಲಿ ಸವರಿ ಗೊಬ್ಬರ ಕೊಟ್ಟಿದ್ದರೆ ಮಾತ್ರ. ಬಿಸಿಲು ಬೀಳುವ ಗೋಡೆಗೆ ಬೋಗನ್‌ವಿಲ್ಲಾ ಬೇಸಿಗೆಯ ಸಂಗಾತಿ. ನೀರು ಹೆಚ್ಚಾದಷ್ಟೂ ಎಲೆ ಬಿಟ್ಟು, ನೀರು ಕಡಿಮೆಯಾದಷ್ಟೂ ಬಣ್ಣ ತೋರುವ ಗಿಡವಿದು. ನೀರಿನ ಅಭಾವದ ತಿಂಗಳುಗಳಿಗೆ ಇದಕ್ಕಿಂತ ತಕ್ಕ ಗಿಡ ಬೇರೊಂದಿಲ್ಲ. ಆಗಸ್ಟ್‌ನಿಂದ ಪಾರಿಜಾತ ಆರಂಭವಾಗುತ್ತದೆ. ರಾತ್ರಿ ಅರಳಿ ಬೆಳಗಿನ ವೇಳೆಗೆ ಉದುರುವ ಈ ಹೂವಿಗೆ ಕೆಳಗೆ ಸಿಮೆಂಟಿಗಿಂತ ಸ್ವಚ್ಛವಾದ ಮಣ್ಣು ಅಥವಾ ಹುಲ್ಲು ಇದ್ದರೆ ಪೂಜೆಗೆ ಆಯ್ದುಕೊಳ್ಳಲು ಅನುಕೂಲ. ಅಕ್ಟೋಬರ್‌ನಿಂದ ಸೇವಂತಿಗೆಯ ಕಾಲ.

ಸೇವಂತಿಗೆಯ ಬಗ್ಗೆ ಒಂದು ವಿಶೇಷ ಸೂಚನೆ. ಹಗಲು ಕಿರಿದಾಗಿ ರಾತ್ರಿ ಹಿರಿದಾಗುವುದನ್ನು ಗ್ರಹಿಸಿ ಮೊಗ್ಗು ಬಿಡುವ ಗಿಡವಿದು. ಬೀದಿದೀಪದ ಬೆಳಕು ರಾತ್ರಿಯೆಲ್ಲ ಬೀಳುವ ಕಡೆ ಕುಂಡವನ್ನಿಟ್ಟರೆ ಗಿಡ ಸೊಂಪಾಗಿ ಬೆಳೆದರೂ ಹೂವು ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಗೊಬ್ಬರ ಸಾಲದೆಂದು ತಿಳಿದು ಮತ್ತೆ ಮತ್ತೆ ಗೊಬ್ಬರ ಹಾಕುವವರು ಕುಂಡದ ಜಾಗವನ್ನು ಬದಲಿಸಿ ನೋಡುವುದು ಒಳ್ಳೆಯದು.

ಇನ್ನು ರಸ್ತೆಯ ಮರಗಳಲ್ಲಿ ಹೂವಿಲ್ಲದ ಜುಲೈ ಆಗಸ್ಟ್. ಮನೆಯಂಗಳ ನಗರಕ್ಕೆ ನೆರವಾಗಬಹುದಾದುದು ಇಲ್ಲಿಯೇ. ದಾಸವಾಳ ಹಾಗೂ ನಂದಿಬಟ್ಟಲು ಮಳೆಯಲ್ಲಿಯೂ ಹೂ ಬಿಡುತ್ತವೆ. ಮೇ ಕೊನೆಯಲ್ಲಿ ಜಿನ್ನಿಯಾ, ಬಾಲ್ಸಮ್, ಚೆಂಡುಹೂವಿನ ಬೀಜ ಬಿತ್ತಿದರೆ ಸುಮಾರು ಎರಡು ತಿಂಗಳಲ್ಲಿ, ಅಂದರೆ ಶ್ರಾವಣದ ಹೊತ್ತಿಗೆ, ಹೂವು ದೊರೆಯುತ್ತದೆ. ವರಮಹಾಲಕ್ಷ್ಮೀ ಹಬ್ಬದ ಮಾರುಕಟ್ಟೆಯ ಹೂವಿನ ಬೆಲೆ ತಿಳಿದವರಿಗೆ ಇದರ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ. ಚಳಿಗಾಲದ ಪೆಟುನಿಯಾ, ಫ್ಲಾಕ್ಸ್, ಸಾಲ್ವಿಯಾಗಳನ್ನು ಜನವರಿಯಲ್ಲಿ ಕಾಣಬೇಕೆಂದರೆ ಅಕ್ಟೋಬರ್ ಮೊದಲ ಭಾಗದಲ್ಲಿಯೇ ಸಸಿಮಡಿ ಸಿದ್ಧವಾಗಬೇಕು. ಹೈಡ್ ಪಾರ್ಕಿನಲ್ಲಿ ದಿನ ಎಣಿಸಿದ ವಿಧಾನವೇ ಎಂಟು ಕುಂಡಗಳಿರುವ ಮನೆಗೂ ಸಾಕು.

ಪಾರಿಜಾತ, ದೇವಕಣಗಿಲೆ, ನಿಂಬೆ, ಸೀಬೆಯಂತಹ ಚಿಕ್ಕ ಮರಗಳಿಗೆ ಎರಡು ಅಡಿ ಆಳ ಅಗಲದ ಗುಂಡಿಯನ್ನು ಬೇಸಿಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣು ಹಾಗೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಿ, ಮೃಗಶಿರಾ ಮಳೆ ಹನಿದ ಬಳಿಕ ಸಸಿ ನೆಟ್ಟರೆ ಮೊದಲ ವರ್ಷದ ನೀರಿನ ಭಾರ ಬಹುಪಾಲು ಮಳೆಯ ಮೇಲೆಯೇ ಬೀಳುತ್ತದೆ. ಜನವರಿಯ ಪ್ರದರ್ಶನ ನೋಡಿ ಬಂದ ಉತ್ಸಾಹದಲ್ಲಿ ಸಸಿ ಕೊಂಡು ಫೆಬ್ರವರಿಯಲ್ಲಿ ನೆಟ್ಟು ಏಪ್ರಿಲ್‌ನಲ್ಲಿ ಕಳೆದುಕೊಳ್ಳುವವರ ಸಂಖ್ಯೆ ಸಣ್ಣದಲ್ಲ.

ನಿವೃತ್ತಿ ಮತ್ತು ಬೃಂದಾವನ

ಕ್ರುಂಬಿಗಲ್ ಅವರ ಸೇವೆಯ ಕೊನೆಯ ವರ್ಷಗಳಲ್ಲಿ ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದರು. ಕನ್ನಂಬಾಡಿ ಅಣೆಕಟ್ಟೆಯ ಕೆಳಗೆ ಬೃಂದಾವನ ಉದ್ಯಾನವನ್ನು 1927ರಿಂದ 1932ರ ಅವಧಿಯಲ್ಲಿ ನಿರ್ಮಿಸಲಾಯಿತು. ಕಾಶ್ಮೀರದ ಶಾಲಿಮಾರ್ ಉದ್ಯಾನದಿಂದ ಪ್ರೇರಣೆ ಪಡೆದ ದಿವಾನರ ಕಲ್ಪನೆಗೆ ರೂಪ ಕೊಡುವುದರಲ್ಲಿ ಕ್ರುಂಬಿಗಲ್ ಅವರು ಪಾಲ್ಗೊಂಡಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಂಗಳಗಳು, ನಡುವೆ ಹರಿಯುವ ನೀರು, ಎರಡೂ ಬದಿಗೆ ಅಳತೆಯಿಟ್ಟು ಬೆಳೆಸಿದ ಗಿಡಗಳು. ಅಣೆಕಟ್ಟೆ ನೀರಾವರಿಗಾಗಿ ಹಾಗೂ ವಿದ್ಯುತ್ತಿಗಾಗಿ ಕಟ್ಟಿದ ಕಲ್ಲಿನ ಕೆಲಸ. ಅದರ ಬುಡದ ಬರಿಯ ನೆಲವನ್ನು ಜನರು ಕುಟುಂಬಸಮೇತ ಬುತ್ತಿ ಕಟ್ಟಿಕೊಂಡು ಬರುವ ತಾಣವನ್ನಾಗಿ ಮಾಡಿದ್ದು ಉದ್ಯಾನ.

1932ರಲ್ಲಿ ಅವರು ನಿವೃತ್ತರಾದರು. ಲಾಲ್‌ಬಾಗಿನ ಹೊಣೆ ಎಚ್.ಸಿ. ಜವರಾಯ ಅವರಿಗೆ ಬಂದಿತು. ಇವರು ಆ ಹುದ್ದೆಗೇರಿದ ಮೊದಲ ಭಾರತೀಯರು. ಗಾಜಿನ ಮನೆಯ ಪೂರ್ವ ಭಾಗವನ್ನು 1935ರಲ್ಲಿ ವಿಸ್ತರಿಸಿದ್ದು ಇವರ ಅವಧಿಯಲ್ಲಿ. ಮುಂದೆ ಎಂ.ಎಚ್. ಮರಿಗೌಡ ಅವರ ಶ್ರಮದಿಂದ 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯೇ ಏರ್ಪಟ್ಟಿತು.

ಯುದ್ಧಕಾಲ

ಇಷ್ಟು ವರ್ಷ ಈ ಸಂಸ್ಥಾನದ ಸೇವೆ ಮಾಡಿದ ವ್ಯಕ್ತಿಗೆ ವೃದ್ಧಾಪ್ಯದಲ್ಲಿ ಒದಗಿದ ಒಂದು ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲಾಗದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಆಡಳಿತವು ಭಾರತದಲ್ಲಿದ್ದ ಜರ್ಮನರನ್ನು ಶತ್ರುರಾಷ್ಟ್ರದವರೆಂದು ಪರಿಗಣಿಸಿ ಬಂಧನದಲ್ಲಿರಿಸಿತು. ಕ್ರುಂಬಿಗಲ್ ಅವರೂ ಅದಕ್ಕೆ ಒಳಗಾದರು. ಜರ್ಮನಿಯನ್ನು ಬಿಟ್ಟು ಅರ್ಧ ಶತಮಾನ ಕಳೆದಿತ್ತು, ವಯಸ್ಸು ಎಪ್ಪತ್ತನ್ನು ದಾಟಿತ್ತು. ಬೇರೆ ಬೇರೆ ದೇಶಗಳ ಮರಗಳಿಗೆ ಬೆಂಗಳೂರಿನ ಮಣ್ಣಿನಲ್ಲಿ ಮನೆ ಮಾಡಿಕೊಟ್ಟವರನ್ನು ಹುಟ್ಟಿದ ದೇಶದ ಹೆಸರಿನಿಂದಲೇ ಅಳೆಯಲಾಯಿತು. ಯುದ್ಧದ ನಿಯಮಗಳು ವ್ಯಕ್ತಿಯನ್ನು ನೋಡುವುದಿಲ್ಲವೆಂಬುದು ಸತ್ಯವಾದರೂ ಈ ಭಾಗವನ್ನು ಓದುವಾಗ ಮನಸ್ಸಿಗೆ ಖೇದವಾಗದೆ ಇರದು.

ಹೀಗಿದ್ದರೂ ಅವರು ಈ ಊರನ್ನು ಬಿಟ್ಟು ಹೋಗಲಿಲ್ಲ. ಸ್ವಾತಂತ್ರ್ಯಾನಂತರವೂ ಬೆಂಗಳೂರಿನಲ್ಲಿಯೇ ನೆಲೆಸಿದರು. 1956ರ ಫೆಬ್ರವರಿ 8ರಂದು, ತಮ್ಮ 90ನೆಯ ವಯಸ್ಸಿನಲ್ಲಿ ಇಲ್ಲಿಯೇ ನಿಧನರಾದರು. ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಸ್ಮರಣೆ

ಲಾಲ್‌ಬಾಗಿನ ಪಶ್ಚಿಮ ದ್ವಾರಕ್ಕೆ ಸಮೀಪದ ರಸ್ತೆಗೆ ಕ್ರುಂಬಿಗಲ್ ರಸ್ತೆ ಎಂಬ ಹೆಸರಿದೆ. ಪ್ರತಿದಿನ ಅಲ್ಲಿ ವಾಹನ ನಿಲ್ಲಿಸುವವರಲ್ಲಿ ಹೆಸರಿನ ಹಿನ್ನೆಲೆ ತಿಳಿದವರು ಕಡಿಮೆ. ಉದ್ಯಾನದೊಳಗೆ ಅವರ ಹೆಸರನ್ನು ಹೊತ್ತಿದ್ದ ಹಳೆಯ ಸಭಾಂಗಣ 2017ರಲ್ಲಿ ಮಳೆಗೆ ಶಿಥಿಲಗೊಂಡು ಕುಸಿಯಿತು. ಅನಂತರ ಅದನ್ನು ಹಳೆಯ ಮಾದರಿಯಲ್ಲಿಯೇ ಪುನಃ ನಿರ್ಮಿಸಲಾಯಿತು. ಕಟ್ಟಡವನ್ನು ಹೀಗೆ ಮತ್ತೆ ಕಟ್ಟಬಹುದು. ರಸ್ತೆ ಅಗಲೀಕರಣಕ್ಕಾಗಿ ತೆಗೆದ 80 ವರ್ಷದ ಸಾಲುಮರದ ಜಾಗದಲ್ಲಿ ಇಂದು ಸಸಿ ನೆಟ್ಟರೆ ಅದರ ಪೂರ್ಣ ನೆರಳು ಕಾಣುವವರು ಇನ್ನೂ ಹುಟ್ಟಬೇಕಾದವರು.

ಲಾಲ್‌ಬಾಗಿಗೆ ಭೇಟಿ ನೀಡುವ ನಾಗರಿಕರು ಪುಷ್ಪ ಪ್ರದರ್ಶನದ ಹತ್ತು ದಿನಗಳಲ್ಲಿ ಮಾತ್ರವಲ್ಲದೆ ತಿಂಗಳಿಗೊಮ್ಮೆಯಾದರೂ ಬಂದು, ಆಯಾ ತಿಂಗಳು ಹೂವಿರುವ ಗಿಡಮರಗಳ ಹೆಸರನ್ನು ಫಲಕ ನೋಡಿ ಬರೆದುಕೊಂಡರೆ ವರ್ಷಾಂತ್ಯಕ್ಕೆ ತಮ್ಮ ಅಂಗಳಕ್ಕೆ ಬೇಕಾದ 12 ಅಂಕಣದ ಪಟ್ಟಿ ತಾನೇ ಸಿದ್ಧವಾಗಿರುತ್ತದೆ. ಪಟ್ಟಿಯನ್ನು ಜುಲೈ ತಿಂಗಳಿನಿಂದ ಆರಂಭಿಸುವುದು ಸೂಕ್ತ.